ತಲೆಕೆಳಗಾಗಿ ಮಲಗುವ ಗಿಳಿ

ಐವತ್ತರ ದಶಕದಲ್ಲಿ ರಾಜಾಜಿನಗರದಲ್ಲಿ ನಮ್ಮ ಮನೆಯ ಮಾಲೀಕರು ಮುಂಭಾಗದಲ್ಲಿದ್ದರು, ಬಾಡಿಗೆಗೆ ನಾವು ಹಿಂದೆ. ಅವರ ಮೇಲಿನ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

ಘಟ್ಟದಿಂದ ಮರ ತರುವ ಲಾರಿ ಡ್ರೈವರೊಬ್ಬ ಅವರಿಗೆ ಚಿಟ್ಟುಗಿಳಿ ತಂದುಕೊಟ್ಟ. ಗುಬ್ಬಿಯಷ್ಟೇ ಗಾತ್ರ, ಎಲೆಹಸಿರು ಮೈ, ಬಾಲದ ಬುಡ ಕೆಂಪು. ನಮ್ಮ ಬೀದಿಯಲ್ಲಿ ಅದನ್ನು ಬಲ್ಲವನು ನಾನೊಬ್ಬನೇ. ಹಿಂದಿನ ಬೇಸಿಗೆ ರಜೆಯಲ್ಲಿ, ಘಟ್ಟದ ಕಾಡಿನ ಗಾರ್ಡ್ ಆಗಿದ್ದ ಸೋದರಮಾವನ ಜೊತೆ ಹನ್ನೊಂದು ದಿನ ಇದ್ದು ಡೈರಿಯಲ್ಲಿ ಬರೆದುಕೊಂಡಿದ್ದೆ: ಹಾಲುವಾಣ ಮರದ ಹೂವಿಗೆ ಮಕರಂದ ಕುಡಿಯಲು ಬಂದವು ಹದಿನಾಲ್ಕು; ಎಲೆ ಸೀಳಿ, ಚೂರುಗಳನ್ನು ಆ ಕೆಂಪು ಗರಿಗಳಲ್ಲಿ ಸಿಕ್ಕಿಸಿಕೊಂಡು ಗೂಡಿನ ಪೊಟರೆಗೆ ಒಯ್ದವು ಎರಡು; ಮುಸ್ಸಂಜೆ ಬಾವಲಿಯಂತೆ ಜೋತು ಮಲಗಿದವು ಒಂಬತ್ತು.

ಪಂಜರದಲ್ಲೂ ಅದು ಹಾಗೇ ಮಲಗಿತು. "ಮನೆ ಬಾಗಿಲಲ್ಲಿ ತಲೆಕೆಳಗೆ ನೇತಾಡಿದ್ರೆ ಕೇಡು ಕಣೋ," ಎಂದು ಮಾಲೀಕರು ಉಗುರು ನಿಲ್ಲದಂತೆ ಪಂಜರದ ಮೇಲರ್ಧಕ್ಕೆಲ್ಲ ಒಳಗಿನಿಂದ ನಯವಾದ ತಗಡು ಹೊಡೆಸಿದರು.

"ಸಾರ್, ಅದು ಮಲಗೋದೇ ಹಾಗೆ. ತಗಡು ತೆಗೀರಿ," ಎಂದೆ.

"ಹನ್ನೊಂದು ದಿನ ಕಾಡು ನೋಡ್ಬಂದು ಗಿಳಿಗೆ ವಕೀಲ ಆಗ್ಬಿಟ್ಟ! ನೀನೂ ಹಂಗೇ ಮಲಗ್ತೀಯೇನೋ?" ಜಗಲಿಯಲ್ಲಿದ್ದವರೆಲ್ಲ ನಕ್ಕರು.

ಆರನೆಯ ದಿನ ಗಿಳಿ ಸತ್ತಿತು. "ಇವನ ಕಣ್ಣು ತಾಗ್ತು," ಎಂದು ಮಾಲೀಕರು ನನ್ನತ್ತ ಬೆರಳು ತೋರಿದರು.

ಮರುತಿಂಗಳು ಅದೇ ಡ್ರೈವರ್ ಕೈಯಿಂದ ಅದೇ ಪಂಜರಕ್ಕೆ ಇನ್ನೊಂದು ಬಂತು. ಇದನ್ನು ಸಾಯಲು ಬಿಡಬಾರದು, ಅವರನ್ನೂ ಸುಮ್ಮನೆ ಬಿಡಬಾರದು ಎಂದುಕೊಂಡೆ. ಮೂರನೆಯ ದಿನ, ಅವರು ಉಂಡು ಮಲಗಿದ್ದಾಗ, ಗಿಳಿಯನ್ನು ಬುಟ್ಟಿಗೆ ಹಾಕಿ, ಪಂಜರದ ಬಾಗಿಲು ತೆರೆದಿಟ್ಟು, ಘಟ್ಟಕ್ಕೆ ಹೊರಟಿದ್ದ ಆ ಡ್ರೈವರ್ ಕೈಗೆ ಕೊಟ್ಟೆ. ಮೊದಲನೆಯದು ಸತ್ತ ಬಗೆ ಕೇಳಿ ಅವನು, "ನಾನ್ ತಂದಿದ್ದೇ ತಪ್ಪಾಯ್ತು," ಎಂದ.

ಸಂಜೆ ಮಾಲೀಕರೇ ನಮ್ಮ ಬಾಗಿಲಿಗೆ ಬಂದರು. "ಗಿಳಿ ಹಾರೋಯ್ತಪ್ಪಾ. ಅದರ ಕೂಗು ನಿಂಗೊತ್ತಲ್ಲ, ಹೇಳ್ಕೊಡು. ಕರೆದ್ರೆ ಬಂದೀತು."

ಹೇಳಿಕೊಟ್ಟೆ. ಚೀ-ಚೀ-ಚೀ, ಚುರುಕಾಗಿ ಮೂರು ಸಲ. ಬೆಳಗಿನ ಜಾವ, ಬೀದಿ ಕೊನೆಯ ಹೊಂಗೆಮರದ ಕೆಳಗೆ, ಕತ್ತೆತ್ತಿ. ಮರುದಿನದಿಂದಲೇ ಶುರುಮಾಡಿದರು. "ಏನ್ ಸಾರ್, ಗಂಟ್ಲು ಕಟ್ಟಿದ್ಯಾ?" ಎಂದು ಹಾಲಿನವನು ಕೇಳಿದ. ಬೀದಿಯ ಕಿಟಕಿಗಳೆಲ್ಲ ನಕ್ಕವು.

ವಾರದ ನಂತರ ಡ್ರೈವರ್ ಬಂದು ಹೇಳಿದ: "ಘಟ್ಟದಲ್ಲಿ ಬುಟ್ಟಿ ತೆಗ್ದೆ ಕಣಪ್ಪಾ. ಪುರ್ ಅಂತ ಹೋಗಿ ಮೊದಲನೇ ಕೊಂಬೆಗೇ ತಲೆಕೆಳಗೆ ಜೋತುಬಿಡ್ತು."

ಮಾರನೆಯ ಬೆಳಿಗ್ಗೆ ಹೊಂಗೆಮರದ ಬಳಿ ಹೋಗಿ, "ಇನ್ನೂ ಜೋರಾಗಿ ಕೂಗ್ಬೇಕು ಸಾರ್," ಎಂದೆ.

ಹತ್ತೊಂಬತ್ತು ದಿನ ಕೂಗಿದರು, ಹತ್ತೊಂಬತ್ತೂ ಡೈರಿಯಲ್ಲಿ ಬರೆದುಕೊಂಡೆ. ಇಪ್ಪತ್ತನೆಯ ದಿನ ಬರಲಿಲ್ಲ. ಹಾಲಿನವನು ಬಂದು ಹೋಗುವವರೆಗೂ ಪೆನ್ಸಿಲ್ ಹಿಡಿದು ಕಾದೆ.