ಕುರಿ ವರ್ಷದ ಕೆಂಪು ನಡುಪಟ್ಟಿ

ಹನ್ನೆರಡು ಪ್ರಾಣಿಗಳ ಹೆಸರಲ್ಲಿ ವರ್ಷಗಳು ಸುತ್ತುವ ಚೀನೀ ಲೆಕ್ಕದಲ್ಲಿ ಯಾನ್ ಶೂಹುವಾ ಹುಟ್ಟಿದ್ದು ಕುರಿಯ ವರ್ಷದಲ್ಲಿ. ಆ ವರ್ಷದ ಹೆಣ್ಣು ಗಂಡನನ್ನು ನುಂಗುತ್ತಾಳೆಂದು ಹೆನಾನಿನ ಹಳ್ಳಿಗಳಲ್ಲಿ ಅಂಥವಳಿಗೆ ಸಂಬಂಧ ಕೂಡಿಬರುತ್ತಿರಲಿಲ್ಲ. ಇಪ್ಪತ್ತೈದು ತುಂಬಿದರೂ ಮಗಳು ಮನೆಯಲ್ಲೇ ಉಳಿದಾಗ ಅವಳ ಅವ್ವ ವಯಸ್ಸಿನಲ್ಲಿ ಒಂದು ವರ್ಷ ಕಡಿಮೆ ಹೇಳಿ ಅವಳನ್ನು ಕುರಿಯ ಮುಂದಿನ ಕೋತಿ ವರ್ಷದವಳನ್ನಾಗಿ ಮಾಡಿದಳು. ಮದುವೆಯಾಯಿತು. ಒಬ್ಬ ಮಗಳಾದಳು, ಹನ್ನೊಂದು ವರ್ಷ ಸಂಸಾರವೂ ನಡೆಯಿತು.

ಅಷ್ಟರಲ್ಲಿ ಕುರಿ ಸುತ್ತು ಹಾಕಿ ಮರಳಿತು. ತನ್ನ ಪ್ರಾಣಿಯ ವರ್ಷ ಬಂದಾಗ ಮೈಮೇಲೆ ಕೆಂಪು ಇಲ್ಲದಿದ್ದರೆ ಕೇಡು ತಪ್ಪದೆಂದು ಶೂಹುವಾಳೂ ನಂಬಿದ್ದಳು. ಅವ್ವ ಹೊಲಿದು ಕಳಿಸಿದ ಕೆಂಪು ನಡುಪಟ್ಟಿಯಿಂದ ಷರಾಯಿ ಬಿಗಿದು, ಗಂಡನ ಮನೆಯವರಿಗೆ ಕಾಣದಂತೆ ಮೇಲೆ ಎರಡು ಅಂಗಿ ತೊಟ್ಟು ಮುಚ್ಚಿಟ್ಟಳು.

ಶರತ್ಕಾಲದಲ್ಲಿ ಅವಳ ಗಂಡ ಬಾವ್‌ಚುವಾನ್ ಟ್ರ್ಯಾಕ್ಟರ್ ಮಗುಚಿ ಸತ್ತ. ಅವಳಿಗೆ ಸೂತಕದ ಬಿಳಿ ಬಟ್ಟೆ ತೊಡಿಸುವಾಗ ಅತ್ತೆಯ ಕೈಗೆ ಆ ಪಟ್ಟಿ ಸಿಕ್ಕಿತು.

"ಏನೇ ಇದು?"

"ಸುಮ್ನೆ ಕಟ್ಕೊಂಡಿದ್ದೆ, ಅತ್ತೆ."

"ಕೋತಿ ವರ್ಷ ಬರೋದು ಇದಾದ ಮೇಲೆ. ಇದು ಕುರೀದು." ಅತ್ತೆಯ ಅಳು ನಿಂತಿತು. "ಹಾಗಾದ್ರೆ ನೀನು ಕುರಿ. ನಿನಗೊಂದು ಕೆಂಪು ಕಟ್ಕೊಂಡು ಕೇಡನ್ನ ನನ್ನ ಮಗನ ಮೇಲೆ ತಿರುಗಿಸ್ದೆ."

ಶೂಹುವಾಳಿಗೂ ಹಾಗೆಯೇ ತೋರಿತ್ತು.

ಸತ್ತವನ ನೂರನೆಯ ದಿನದ ಕಾರ್ಯ ಮುಗಿಯುವವರೆಗೆ ಅವಳಿಂದ ದುಡಿಸಿಕೊಂಡ ಅತ್ತೆ, ವರ್ಷದ ಕೊನೆಯ ದಿನ ಬೆಳಿಗ್ಗೆ ಬಾಗಿಲು ತೋರಿಸಿದಳು.

"ನಿನ್ನ ಮಗಳು ಇಲ್ಲಿರ್ಲಿ. ಅವಳು ಕೋಳಿ ವರ್ಷದವಳು, ಯಾರಿಗೂ ಕೇಡಿಲ್ಲ. ಹೊಸ ವರ್ಷಕ್ಕೆ ನಿನ್ನ ಮುಖ ಬೇಡ."

ಮಧ್ಯಾಹ್ನ ಅವಳು ತವರಿಗೆ ಬಂದಾಗ ಅಣ್ಣ ಸ್ಟೂಲಿನ ಮೇಲೆ ನಿಂತು ಬಾಗಿಲಿಗೆ ಹೊಸ ವರ್ಷದ ಕೆಂಪು ಕಾಗದ ಅಂಟಿಸುತ್ತಿದ್ದ. ಮದುವೆಯಾಗಿ ಹೋದ ಹೆಣ್ಣು ವರ್ಷದ ಆ ಕೊನೆಯ ಸಂಜೆ ತವರಿನ ದೀಪ ನೋಡಿದರೆ ಅಣ್ಣತಮ್ಮಂದಿರಿಗೆ ಏಳಿಗೆಯಿಲ್ಲ. ಅವನು ಕೆಳಗಿಳಿಯಲಿಲ್ಲ.

"ನಾಡಿದ್ದು ಬಾ. ಹೆಣ್ಣುಮಕ್ಕಳು ಬರೋ ದಿನ ಅದೇ ಅಲ್ವಾ?"

"ಅಲ್ಲೀವರೆಗೆ ಎಲ್ಲಿರ್ಲಿ, ಅಣ್ಣ?"

"ಇಟ್ಟಿಗೆ ಗೂಡಿನ ಶೆಡ್ ಖಾಲಿ ಇದೆ."

ಹೊತ್ತು ಇಳಿಯುವ ಮುಂಚೆ ಅವ್ವ ಒಂದು ಬೋಗುಣಿ ಬಿಸಿ ಕಡುಬು ಹಿಡಿದು ಶೆಡ್ಡಿಗೆ ಬಂದಳು. ಮಗಳ ಸೊಂಟ ನೋಡಿದಳು.

"ಆ ಪಟ್ಟಿ ಇನ್ನೂ ಗಟ್ಟಿ ಇದೆಯಲ್ಲೇ. ಬಿಚ್ಚಿಕೊಡು. ನಿನ್ನ ಅಣ್ಣನ ಮಗನಿಗೆ ಹನ್ನೆರಡು ತುಂಬ್ತದೆ, ಅವನು ನಿಜವಾಗ್ಲೂ ಕೋತಿ. ನಾಳೆಯಿಂದ ಅವನಿಗೆ ಬೇಕು."

"ವರ್ಷ ಇನ್ನೂ ಮುಗಿದಿಲ್ಲ, ಅವ್ವ."

"ಇನ್ನೆಷ್ಟು ಹೊತ್ತು? ನಿನ್ನ ಕಾಪಾಡಿದ್ದು ಅವನನ್ನೂ ಕಾಪಾಡ್ತದೆ. ಹೊಸ ಬಟ್ಟೆ ಯಾಕೆ ಹರೀಬೇಕು?"

ಶೂಹುವಾ ಬಿಚ್ಚಿ ಕೊಟ್ಟಳು. ಒಂದು ಕೈಯಲ್ಲಿ ಷರಾಯಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಕಡುಬು ತಿಂದಳು. ಬೋಗುಣಿ ವಾಪಸು ಬೇಕೆಂದು ಅವ್ವ ನಿಂತೇ ಇದ್ದಳು.