ದೊರೆ ತೊಲಗಿದ ದಿನ

ಅಣ್ಣ ಹುಟ್ಟಿನಿಂದಲೇ ಬಿಳಿ. ಕೂದಲು, ರೆಪ್ಪೆ ಕೂಡ ಬಿಳಿ. ಹೊಸಂಗಡಿಯವರು ‘ದೊರೆ’ ಎಂದು ಕರೆದರೆ ಅವನು ಕಣ್ಣಿಗೆ ಅಂಗೈ ಅಡ್ಡ ಹಿಡಿದು, “ಎಂತ ಬಿಸಿಲು ಮಾರಾಯ” ಎಂದು ನಗುತ್ತಿದ್ದ.

ಸ್ವಾತಂತ್ರ್ಯ ಬಂದ ದಿನ ನಮ್ಮ ಮೆರವಣಿಗೆಗೆ ಊರಿನಿಂದ ಓಡಿಸಲು ಒಬ್ಬ ಬಿಳಿಯ ಬೇಕಿತ್ತು. ಪೇಟೆಯಲ್ಲಿ ಇಂಗ್ಲಿಷರು ಯಾರೂ ಇರಲಿಲ್ಲ. ಅಣ್ಣ ಸಿಕ್ಕಿದ.

“ದೊರೆಗಳು ಇನ್ನೂ ಇಲ್ಲೇ ಇದ್ದಾರಲ್ಲ! ಹಡಗು ತಪ್ಪಿತಾ?” ಎಂದು ಯಾರೋ ಕೂಗಿದರು. ಕಲ್ಲು ಬಿದ್ದು ಅವನ ಹಣೆ ಒಡೆಯಿತು. ಶಿರಿಯ ಊರಿಂದ ಬಂದು ಮೀನು ಮಾರುವ ಹೆಂಗಸು ಬುಟ್ಟಿ ಎತ್ತಿ ಅಡ್ಡ ನಿಂತಳು: “ಇವ ದೊರೆಯಾದರೆ ನಾನು ರಾಣಿ! ನನಗೂ ಹೊಡೆಯಿರಿ!”

ಒಡಹುಟ್ಟಿದ ನಾನು ಗುಂಪಿನಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ “ದೊರೆ ತೊಲಗಲಿ” ಎನ್ನುತ್ತಿದ್ದೆ. ಸುಮ್ಮನಿದ್ದರೆ ನನ್ನ ದೇಶಭಕ್ತಿಯ ಮೇಲೆ ಸಂಶಯ ಬರುತ್ತಿತ್ತು.

ಸಂಜೆ ಅಣ್ಣ ಹಣೆಗೆ ಬಟ್ಟೆ ಕಟ್ಟಿಕೊಂಡು ಬಂದು, ಬಿಸಿನೀರಿನ ಲೋಟವನ್ನು ನನ್ನ ಮುಂದಿಟ್ಟ.

“ಕುಡಿ ಮಾರಾಯ. ಕೂಗಿ ಕೂಗಿ ನಿನ್ನ ಗಂಟಲು ಕಟ್ಟಿದೆ.”