ಸುಮಿಯೆ ಕನ್ನಡಿ ಹಿಡಿದ ಟಿ.ವಿ.

ನನ್ನ ತಂಗಿಯ ಗಂಡ ಇಸಾಮು ಯಾವುದನ್ನೂ ಎಸೆಯುವ ಆಸಾಮಿಯಲ್ಲ. ಕಡಲ ದಂಡೆಯ ಊರು ಅಮಾಗಾಸಾಕಿಯ ನಮ್ಮ ಓಣಿಯಲ್ಲಿ ನಲವತ್ತೆಂಟು ವರ್ಷ ಟಿ.ವಿ. ರಿಪೇರಿ ಮಾಡಿದ. ಜನ ಹೊಸದು ಕೊಂಡು ಬಿಟ್ಟುಹೋದ ಹಳೆಯ ಸೆಟ್ಟುಗಳನ್ನೆಲ್ಲ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಪೇರಿಸಿಟ್ಟ. ಹೆತ್ತವರಿಗೆ ಹೆಗ್ಗಣ ಮುದ್ದು. "ಇದೇನು ಅಂಗಡಿಯೋ, ಅನಾಥಾಶ್ರಮವೋ?" ಎಂದು ನಾನು ರೇಗಿದರೆ, "ನೀವೂ ಬಂದು ಸೇರ್ಕೊಳ್ಳಿ ಅಕ್ಕ, ಒಂದು ಮೂಲೆ ಖಾಲಿ ಇದೆ" ಅನ್ನುತ್ತಿದ್ದ.

ಈ ವಸಂತದಲ್ಲಿ ಶೆಡ್ಡು ಕೆಡವುವುದೆಂದು ತೀರ್ಮಾನವಾಯಿತು. ಅವನಿಗೂ ಎಪ್ಪತ್ನಾಲ್ಕು, ಕೈ ನಡುಗುತ್ತದೆ. ಮಗಳ ಫ್ಲ್ಯಾಟಿಗೆ ಹೋಗುವವನು. ಅಲ್ಲಿ ಅವನ ಹಾಸಿಗೆಗೇ ಜಾಗ ಕಷ್ಟ. ಊರಿನ ವಸ್ತುಸಂಗ್ರಹಾಲಯದವರು ಒಂದು ಸೆಟ್ಟನ್ನು, ಒಂದೇ ಒಂದನ್ನು, ಇಟ್ಟುಕೊಳ್ಳುತ್ತೇವೆ ಎಂದರು. ಚಿತ್ರ ಮೂಡಬೇಕು, ಅದೇ ಷರತ್ತು. ಗುರುವಾರ ಬಂದು ನೋಡುವವರಿದ್ದರು.

ಇಸಾಮು ಸೀಮೆಸುಣ್ಣ ಹಿಡಿದು ಇಪ್ಪತ್ತಮೂರು ಸೆಟ್ಟುಗಳ ನಡುವೆ ಓಡಾಡಿದ. ಉಳಿಯುವುದಕ್ಕೆ ಸೊನ್ನೆ, ಗುಜರಿಗೆ ಹೋಗುವುದಕ್ಕೆ ಅಡ್ಡಗೆರೆ, ಬಿಡಿಭಾಗ ಬಿಚ್ಚಿಕೊಳ್ಳುವುದಕ್ಕೆ ತ್ರಿಕೋನ. ಸೊನ್ನೆ ಯಾವುದಕ್ಕೆಂದು ನಾನು ಕೇಳಲಿಲ್ಲ. ನಾಲ್ಕು ಕಾಲಿನ, ಮರದ ಪೆಟ್ಟಿಗೆಯ ಆ ಸೆಟ್ಟು ನಮ್ಮಪ್ಪನ ಮನೆಯದು. ಅದನ್ನು ರಿಪೇರಿ ಮಾಡಲು ಬಂದಾಗ ಇಸಾಮುಗೆ ಇಪ್ಪತ್ತನಾಲ್ಕು. ಹಿಂದೆ ಕೂತು ಕೆಲಸ ಮಾಡುವವನಿಗೆ ಮುಂದಿನ ಚಿತ್ರ ಕಾಣಬೇಕಲ್ಲ, ಯಾರಾದರೂ ಎದುರಿಗೆ ಕನ್ನಡಿ ಹಿಡಿಯಬೇಕು. ನನ್ನ ತಂಗಿ ಸುಮಿಯೆ ಹಿಡಿದಳು. ಚಿತ್ರ ಸರಿಹೋದ ಮೇಲೂ ಪುಣ್ಯಾತ್ಮ ಒಂದು ಗಂಟೆ ತಿರುಪು ತಿರುಗಿಸುತ್ತಲೇ ಇದ್ದ, ಅವಳೂ ಹಿಡಿದೇ ಇದ್ದಳು. ಮದುವೆಯಾದ ಮೇಲೆ ಕೊನೆಯವರೆಗೂ ಅವನಿಗೆ ಕನ್ನಡಿ ಹಿಡಿದವಳು ಅವಳೇ. ಆ ಸೆಟ್ಟಿನ ಹಿಂಬದಿಯ ಹಲಗೆಯ ಒಳಮೈಯಲ್ಲಿ ಪ್ರತಿ ರಿಪೇರಿಯ ತಾರೀಖು ಅವಳ ಪೆನ್ಸಿಲ್ ಅಕ್ಷರದಲ್ಲಿದೆ.

"ಕನ್ನಡಿ ಹಿಡೀತೀರಾ ಅಕ್ಕ?"

"ಹಿಡೀತೀನಿ. ನನ್ನ ಕೈಲಿ ಒಂದು ಗಂಟೆ ಹಿಡಿಸ್ಬೇಡ ಮತ್ತೆ, ಭುಜ ನೋವು."

ಅವನು ನಕ್ಕು ಹಲಗೆ ಬಿಚ್ಚಿದ. ಬಿಚ್ಚಿದವನು ಹಾಗೇ ಬಗ್ಗಿ ನಿಂತ. ನಾನು ಹಿಂದೆ ಹೋಗಿ ಇಣುಕಿದೆ. ಒಳಗೆಲ್ಲ ಬಿಳಿ ಹುಡಿ, ಹಸಿರು ಕಿಲುಬು. ಟ್ರಾನ್ಸ್‌ಫಾರ್ಮರಿನ ತಂತಿ ಅವನ ಬೆರಳು ತಾಗಿದ್ದೇ ತುಂಡಾಗಿ ಬಿತ್ತು.

"ಏನಾಯ್ತೋ ಇದಕ್ಕೆ?"

"ಸಮುದ್ರದ ಗಾಳಿ ಅಕ್ಕ. ಈ ಊರಲ್ಲಿ ಯಾವ ಕಬ್ಬಿಣ ಉಳಿಯುತ್ತೆ?"

"ಬೇರೆ ಹಾಕು."

"ಇದರದ್ದು ಇನ್ನೆಲ್ಲೂ ಸಿಗಲ್ಲ."

ಪಕ್ಕದ ಸೆಟ್ಟುಗಳನ್ನು ತಿನ್ನದ ಗಾಳಿ ಇದೊಂದನ್ನೇ ತಿಂದಿತೇ? ಆ ಬಿಳಿ ಹುಡಿಯನ್ನು ಮತ್ತೊಮ್ಮೆ ನೋಡಿದೆ.

ಸಾವು ಬೆನ್ನಹಿಂದೆಯೇ ಬರಬಾರದೆಂದು, ದಹನ ಮುಗಿಸಿ ಬಂದವರು ಹೊಸಿಲು ದಾಟುವ ಮೊದಲು ಮೈಮೇಲೆ ಉಪ್ಪು ಹಾಕಿಕೊಳ್ಳಬೇಕು. ಮೂರು ವರ್ಷದ ಹಿಂದೆ ಸುಮಿಯೆಯನ್ನು ಸುಟ್ಟು ಬಂದ ದಿನ ಇಸಾಮು ಯಾರಿಗೂ ಕಾಯದೆ ನೇರ ಶೆಡ್ಡಿಗೆ ನುಗ್ಗಿದ. ಈ ಸೆಟ್ಟಿನ ಹಲಗೆ ಬಿಚ್ಚಿ, ಅವಳ ಅಕ್ಷರ ನೋಡುತ್ತ ಕೂತುಬಿಟ್ಟ. ನನಗೆ ಎಲ್ಲಿಲ್ಲದ ಸಿಟ್ಟು. ಶಾಸ್ತ್ರ ಎಂದರೆ ಶಾಸ್ತ್ರ. ಅಡುಗೆಮನೆಯ ಉಪ್ಪಿನ ಡಬ್ಬ ತಂದು, "ಹೀಗೇನೋ ಒಳಗೆ ಬರೋದು, ಬುದ್ಧಿಗೇಡಿ!" ಎಂದು ಕೂಗುತ್ತ ಅವನ ತಲೆಯ ಮೇಲಿಂದ ಎರಡು ಹಿಡಿ ಎರಚಿದೆ, ತೆರೆದ ಪೆಟ್ಟಿಗೆಯೊಳಕ್ಕೂ ಬಿತ್ತು. ಅವನು ಹಲಗೆ ಮುಚ್ಚಿದ. ಮತ್ತೆ ತೆರೆದದ್ದು ಈಗಲೇ.

ಅವತ್ತು ಅವನ ಬೆನ್ನಹಿಂದೆ ಬರುವವಳು ಯಾರಾಗಿದ್ದಳು? ನನ್ನ ತಂಗಿ. ಬಂದಿದ್ದರೆ ಅವನಿಗೆ ಬೇಡವಾಗಿತ್ತೇ? ಅವಳನ್ನು ಬಾಗಿಲಲ್ಲೇ ಉಪ್ಪು ಎರಚಿ ಅಟ್ಟಿದವಳು ನಾನು. ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ಜೀವಮಾನವೆಲ್ಲ ಬೇರೆಯವರ ತಪ್ಪು ಎತ್ತಿ ಆಡಿದ ಬಾಯಿ ಇದು.

ಇಸಾಮು ಸೊನ್ನೆಯನ್ನು ತೋಳಿನಿಂದ ಒರೆಸಿ ತ್ರಿಕೋನ ಬರೆದ. ಪಿಕ್ಚರ್ ಟ್ಯೂಬಿಗೆ ಏನೂ ಆಗಿರಲಿಲ್ಲ. ಅದನ್ನು ಬಿಚ್ಚಿ ಓಣಿಯ ಮೂಲೆಯ ಸಾರ್ವಜನಿಕ ಸ್ನಾನಗೃಹದವರು ಬಿಟ್ಟುಹೋಗಿದ್ದ ಸೆಟ್ಟಿಗೆ ಹಾಕಿದ. ಎರಡು ದಿನ ಹಿಡಿಯಿತು. ನಾನು ಕನ್ನಡಿ ಹಿಡಿದೆ. ಹಳೆಯ ಟೇಪಿನ ಸುಮೋ ಜಟ್ಟಿಗಳು ಮೂಡಿದರು.

"ಬಂತು ಕಣೋ."

"ಹ್ಞೂಂ," ಅಂದ. ತಕ್ಷಣ ಆರಿಸಿದ.

ಗುರುವಾರ ಸಂಗ್ರಹಾಲಯದ ಹುಡುಗಿ ಬಂದು ಸ್ನಾನಗೃಹದ ಹೆಸರಿನ ಚೀಟಿ ಅಂಟಿಸಿ ಅದನ್ನು ಒಯ್ದಳು. ಸುಮಿಯೆಯ ಅಕ್ಷರವಿದ್ದ ಹಲಗೆಯನ್ನು ಇಸಾಮು ಪೇಪರಿನಲ್ಲಿ ಸುತ್ತಿ ತನ್ನ ಬಟ್ಟೆಗಳ ನಡುವೆ ಇಟ್ಟುಕೊಂಡ.

ಶನಿವಾರ ಬೆಳಿಗ್ಗೆ ಗುಜರಿ ಲಾರಿ ಬಂತು. ಹೊರಡುವ ಸೆಟ್ಟಿಗೆ ಒಂದು ಚಿಟಿಕೆ ಉಪ್ಪು, ಒಂದು ತೊಟ್ಟು ಸಾಕೆ ಮದ್ಯ ಹಾಕಿ ಕಳಿಸುವುದು ಸುಮಿಯೆಯ ಪದ್ಧತಿ. ಇಸಾಮು ಸಾಕೆಯ ಬಾಟಲಿ ಹಿಡಿದ, ನಾನು ಉಪ್ಪಿನ ತಟ್ಟೆ. ಇಪ್ಪತ್ತೊಂದಕ್ಕೆ ಹಾಕಿದೆವು. ಕೊನೆಗೆ ನಮ್ಮಪ್ಪನ ಮನೆಯ ಮರದ ಪೆಟ್ಟಿಗೆ, ಟ್ಯೂಬಿಲ್ಲದೆ ಬಾಯಿ ತೆರೆದುಕೊಂಡು ನಿಂತಿತ್ತು. ನಾನು ಚಿಟಿಕೆ ತೆಗೆದೆ, ಕೈ ಮೇಲೇಳಲಿಲ್ಲ.

ಇಸಾಮು ತನ್ನ ನಡುಗುವ ಅಂಗೈಯನ್ನು ತಟ್ಟೆಯ ಮೇಲೆ ಮೆಲ್ಲಗೆ ಮುಚ್ಚಿದ.

"ಇದಕ್ಕೆ ಬೇಡ ಅಕ್ಕ. ಅವತ್ತೇ ಹಾಕಿದ್ರಲ್ಲ."